ನಲವತ್ತು ದಿನ ಫೋನ್ ಬಿಟ್ಟ ಮಾವ

ನಮ್ಮ ಸೋದರಮಾವ ಸ್ವರ್ಗಕ್ಕೆ ಹೋಗುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ನೆಟ್‌ವರ್ಕ್ ಸಿಗುತ್ತದೆಯೇ ಎಂದು ವಿಚಾರಿಸದೆ ಅವರು ಬಾಗಿಲು ದಾಟಲಾರರು! ಗೋಣಿಬೀಡಿನ ಹತ್ತಿರ ಎಂಟು ಎಕರೆ ಕಾಫಿ ತೋಟ, ಚರ್ಚಿನಲ್ಲಿ ಮುಂದಿನ ಬೆಂಚು, ಜೇಬಿನಲ್ಲಿ ಫೋನು, ಇದಿಷ್ಟು ಅವರ ಆಸ್ತಿ. ಫೋನಿನಲ್ಲಿ ಮಳೆ ಹೇಳುವ ನಾಲ್ಕು ಆ್ಯಪ್‌ಗಳಿವೆ. ನಾಲ್ಕೂ ನಾಲ್ಕು ಬಗೆ ಹೇಳಿದರೆ ಮಾವನಿಗೆ ಪರಮಾನಂದ. ಯಾವುದು ಸರಿ ಎಂದು ಊರಿಗೆಲ್ಲ ಫೋನ್ ಮಾಡಿ ಕೇಳಬಹುದಲ್ಲ. ಸಂಜೆ ಜಪಮಾಲೆ ಹಿಡಿದಾಗಲೂ ಒಂದು ಕಣ್ಣು ಕ್ರಿಕೆಟ್ ಸ್ಕೋರಿನ ಮೇಲೆ. ವಿಕೆಟ್ ಬಿದ್ದರೆ 'ನಮೋ ಮರಿಯಾ' ಸ್ವಲ್ಪ ಜೋರಾಗುತ್ತದೆ.

ಇಂಥವರು ಈ ವರ್ಷ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವರೇ, ಈಸ್ಟರ್ ತನಕ ಫೋನ್ ಮುಟ್ಟುವುದಿಲ್ಲ ಎಂದು ಘೋಷಿಸಿದರು. ಅತ್ತೆ ಜ್ವರ ಬಂದಿರಬೇಕೆಂದು ಅವರ ಹಣೆ ಮುಟ್ಟಿ ನೋಡಲು ಹೋಗಿ ಬೂದಿ ಅಳಿಸಿಬಿಟ್ಟರಂತೆ. ಮಾವನ ಕೊನೆಯ ಕರೆ ಬಂದದ್ದು ಚಿಕ್ಕಮಗಳೂರಿನಲ್ಲಿರುವ ನನಗೆ.

"ಪ್ರತಿ ವರ್ಷ ಮಾಂಸ ಬಿಡ್ತೀರಲ್ಲ ಮಾವ, ಅದನ್ನೇ ಬಿಡಿ" ಎಂದೆ.

"ಮಾಂಸ ಬಿಡೋದೇನು ಕಷ್ಟ ಮಾರಾಯ, ಹಲ್ಲು ಆಗ್ಲೇ ನನ್ನ ಬಿಟ್ಟಾಗಿದೆ. ಕಷ್ಟ ಆಗೋದನ್ನ ಬಿಟ್ರೇನೇ ದೇವ್ರು ತಿರುಗಿ ನೋಡೋದು."

ನನಗೆ ಸಿಟ್ಟು ಬಂತು. ನನ್ನ ಹೆಂಡತಿಗೆ ಆಗ ಏಳನೇ ತಿಂಗಳು. ಎರಡು ವರ್ಷದ ಹಿಂದೆ ಹುಟ್ಟಿದ ನಮ್ಮ ಮಗು ಅಳಲೇ ಇಲ್ಲ. ಈ ಸಲ ಡಾಕ್ಟರು ಅವಳಿಗೆ ಹಾಸಿಗೆ ಬಿಟ್ಟು ಏಳಬೇಡಿ ಎಂದಿದ್ದರು. ದಿನಕ್ಕೆ ಮೂರು ಸಲ ಫೋನ್ ಮಾಡಿ "ಉಂಡ್ಳಾ, ಮಲಗಿದ್ಲಾ" ಎಂದು ಕೇಳುತ್ತಿದ್ದ ಮನುಷ್ಯ ಇಂಥ ಹೊತ್ತಿನಲ್ಲೇ ಸನ್ಯಾಸ ತೆಗೆದುಕೊಳ್ಳಬೇಕೆ?

ಸನ್ಯಾಸ ಎಲ್ಲಿಯದು! ಮೂರನೇ ದಿನಕ್ಕೇ ಕಾಲು ನಿಲ್ಲಲಿಲ್ಲ. ಕಾಫಿ ಹೂವಿಗೆ ಮಳೆ ಕಾಯುವ ಕಾಲ ಬೇರೆ. ಮಾವ ಪಕ್ಕದ ತೋಟದ ಗೌಡರ ಮನೆಗೆ ಹೋಗಿ ಅವರ ಫೋನ್ ಕೇಳಿದರು. ಬಸ್ಸಿನಲ್ಲಿ ಕಂಡಕ್ಟರನ ಫೋನ್ ಕೇಳಿದರು. ಕಾಳುಮೆಣಸು ಒಣಗಿಸುತ್ತಿದ್ದ ಹೆಂಗಸರನ್ನೂ ಬಿಡಲಿಲ್ಲ. ಇದೆಂಥ ವ್ರತ ಎಂದು ಅತ್ತೆ ತರಾಟೆಗೆ ತೆಗೆದುಕೊಂಡರೆ, "ನಾನು ಬಿಟ್ಟಿದ್ದು ನನ್ನ ಫೋನು. ಬೇರೆಯವ್ರದ್ದು ಬಿಡೋಕೆ ನಂಗೇನು ಅಧಿಕಾರ ಇದೆ" ಎಂದರು.

ಗೌಡರು ಒಳ್ಳೆಯವರು. ಒಂದು ವಾರ ಸಹಿಸಿಕೊಂಡು, "ಸಾಯಿಬ್ರೂ ಉಪವಾಸ ಮಾಡ್ತಾರೆ, ನಾವೂ ಮಾಡ್ತೀವಿ. ಆದ್ರೆ ನಿಮ್ಮ ತಪಸ್ಸಿಗೆ ನಮ್ಮ ಡೇಟಾ ಖಾಲಿಯಾಗ್ತಾ ಇದೆಯಲ್ಲ ಮಾರಾಯ್ರೆ" ಎಂದರಂತೆ.

ಆಮೇಲೆ ಮಾವನಿಗೆ ಭಾನುವಾರ ಸಿಕ್ಕಿತು. ತಪಸ್ಸುಕಾಲದ ನಲವತ್ತು ದಿನದಲ್ಲಿ ಭಾನುವಾರಗಳು ಸೇರುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಹೋಗಿ ಫಾದರ್ ಅವರನ್ನು ಕೇಳಿದರು. "ಅದು ನಿಜ, ಆದ್ರೆ..." ಎಂದು ಫಾದರ್ ಶುರು ಮಾಡಿದರು. ಆ 'ಆದ್ರೆ' ನಂತರ ಅವರು ಏನು ಹೇಳಿದರೋ, ಮಾವ ಅಷ್ಟರಲ್ಲಿ ಅಂಗಳದಲ್ಲಿ ಫೋನ್ ಆನ್ ಮಾಡಿಯಾಗಿತ್ತು. ಅಂದಿನಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಕೂಡಲೇ ಮೊದಲು ನಮ್ಮ ಮನೆಗೆ ಕರೆ. ಆಮೇಲೆ ಮಂಗಳವಾರ ಬಂದು ಬಿದ್ದಿದ್ದ ಗುಡ್ ಮಾರ್ನಿಂಗ್‌ಗಳಿಗೆಲ್ಲ ಉತ್ತರ.

ಚರ್ಚಿನಲ್ಲಿ ತೆಂಗಿನ ಗರಿ ಹಂಚುವ ಗರಿಗಳ ಭಾನುವಾರದ ಹಿಂದಿನ ದಿನ ನನ್ನ ಹೆಂಡತಿಗೆ ಇದ್ದಕ್ಕಿದ್ದಂತೆ ನೋವು ಶುರುವಾಯಿತು. ದಿನ ತುಂಬಿರಲಿಲ್ಲ. ಆಸ್ಪತ್ರೆಗೆ ಸೇರಿಸಿ ಗೌಡರಿಗೆ ಫೋನ್ ಮಾಡಿದೆ. ಪಾಪ, ಅವರು ಫೋನ್ ಹಿಡಿದೇ ತೋಟ ದಾಟಿ ಓಡಿದರು. "ನಿಮ್ಮ ಅಳಿಯ. ಮಾತಾಡಿ" ಎನ್ನುವುದು ನನಗೆ ಕೇಳಿಸಿತು. ಮಾವ ತೆಗೆದುಕೊಳ್ಳಲಿಲ್ಲ. ಊರವರ ಫೋನನ್ನೆಲ್ಲ ಕಿತ್ತುಕೊಳ್ಳುತ್ತಿದ್ದ ಕೈ ಅವತ್ತು ಮುಂದೆ ಬರಲಿಲ್ಲವಂತೆ.

ಮರುದಿನ ಭಾನುವಾರ. ಇವತ್ತಾದರೂ ಫೋನ್ ಮಾಡಲಿ ನೋಡೋಣ ಎಂದು ವಾರ್ಡಿನ ಹೊರಗೆ ಅತ್ತಿಂದಿತ್ತ ನಡೆಯುತ್ತ ಕಾದೆ. ಪೂಜೆ ಮುಗಿಯುವ ಹೊತ್ತಾಯಿತು, ಊಟದ ಹೊತ್ತಾಯಿತು. ನಾನೇ ಮಾಡಿದರೆ ಸ್ವಿಚ್ ಆಫ್. ಅಮ್ಮನ ಒಡಹುಟ್ಟಿದ ತಮ್ಮ ಹೀಗೆ ಮಾಡಿದರಲ್ಲ ಎಂದು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ನಾಲ್ಕು ಗಂಟೆಗೆ ಮಗಳು ಹುಟ್ಟಿದಳು. ಕೆಳಗೆ ಔಷಧಿ ತರಲು ಇಳಿದರೆ ಗೇಟಿನ ಹತ್ತಿರ ಮಾವ. ಕೈಯಲ್ಲಿ ಚರ್ಚಿನಿಂದ ತಂದ ಗರಿ. ವಾಚ್‌ಮನ್ ನನ್ನನ್ನು ಕಂಡು, "ನಿಮ್ಮವರಾ ಸಾರ್? ಹತ್ತು ಗಂಟೆಯಿಂದ ಸುತ್ತು ಹಾಕ್ತಾನೇ ಇದ್ದಾರೆ. ಮೇಲೆ ಹೋಗಿ ಅಂದ್ರೆ ಹೋಗಲ್ಲ" ಎಂದ.

"ಒಂದು ಫೋನ್ ಮಾಡ್ಬಾರ್ದಿತ್ತಾ ಮಾವ? ಇವತ್ತು ಭಾನುವಾರ ಅಲ್ವಾ?"

ಮಾವ ಗರಿಯ ತುದಿ ಸೀಳುತ್ತ ನಿಂತರು. "ಹರಕೆ ಹೊತ್ತಿದ್ದೇ ನಿನ್ನ ಹೆಂಡ್ತಿಗೋಸ್ಕರ ಕಣೋ. ನಾನು ಗೌಡ್ರ ಫೋನು, ಭಾನುವಾರ ಅಂತ ಆಟ ಆಡಿದ್ದಕ್ಕೇ ಹೀಗಾಯ್ತೇನೋ ಅಂತ ಹೆದ್ರಿಕೆ ಆಗೋಯ್ತು."

ನಾನು ಜೇಬಿನಿಂದ ಫೋನ್ ತೆಗೆದು ಮಗುವಿನ ಫೋಟೋ ಹಿಡಿದೆ. ಅವರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

"ಅದ್ರಲ್ಲಿ ಬೇಡ. ಈಸ್ಟರಿಗೆ ಇನ್ನೂ ಒಂದು ವಾರ ಇದೆ. ಬಾಯಲ್ಲಿ ಹೇಳು."

ಹೇಳಿದೆ. ಹೆಣ್ಣು ಎಂದೆ, ತುಂಬ ಚಿಕ್ಕದು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಡಾಕ್ಟರು ಭಯವಿಲ್ಲ ಅಂದಿದ್ದಾರೆ, ಮೂಗು ನಮ್ಮಮ್ಮನದು ಎಂದೆ. ಒಂದು ಗಳಿಗೆ ನಿಂತಲ್ಲಿ ನಿಲ್ಲದ ಮನುಷ್ಯ ಕಣ್ಣು ಮುಚ್ಚಿಕೊಂಡೇ ಅಲುಗಾಡದೆ ಕೇಳುತ್ತಿದ್ದರು.

"ಅಳ್ತಾಳಾ?"

"ಅಳ್ತಾಳೆ ಮಾವ. ವಾರ್ಡಿಗೆಲ್ಲ ಕೇಳೋ ಹಾಗೆ ಅಳ್ತಾಳೆ."

ಮಾವ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.