ದಾರಿ ಅಳಿಸಿದ ಜಾಗ

ನಾಟ್ರಾಂಪಾಳ್ಯದ ಮೇಲಿನ ಕಾಡಿನಲ್ಲಿ ದಾರಿ ಇಲ್ಲ. ಇದು ಕೊರತೆಯಲ್ಲ, ಅರ್ಹತೆ. ಅರಣ್ಯ ಇಲಾಖೆಯ ದಾರಿರಹಿತ ವನಧಾಮ ಘಟಕದ ನಿಯಮದಂತೆ ಅಲ್ಲಿ ಆನೆಗೂ ದಾರಿ ಇರತಕ್ಕದ್ದಲ್ಲ. ಈ ಬಗ್ಗೆ ಆನೆಗಳಿಂದ ಈವರೆಗೆ ಯಾವುದೇ ಆಕ್ಷೇಪಣೆ ಬಂದಿಲ್ಲ.

ಆಕ್ಷೇಪಣೆ ಇದ್ದದ್ದು ಗೋವಿಂದಮ್ಮನಿಗೆ. ಅವಳ ಮನೆ ಕಾಡಿನ ಈಚೆ, ಹಾಲಿನ ಡೈರಿ ಕಾಡಿನ ಆಚೆ. ಡೈರಿಯವರು ಬೆಳಗ್ಗೆ ಏಳಕ್ಕೆ ಸರಿಯಾಗಿ ಬಾಗಿಲು ಹಾಕುತ್ತಾರೆ. ಅವಳು ಗುಡ್ಡ ಸುತ್ತಿಕೊಂಡು ಹೋಗುವಷ್ಟರಲ್ಲಿ ಏಳೂಕಾಲು. ವಾರದಲ್ಲಿ ನಾಲ್ಕು ದಿನ ಹಾಲು ಮನೆಗೇ ವಾಪಸು ಬಂದು, ಮನೆಯವರೆಲ್ಲ ಮೊಸರು ಕಂಡರೆ ಮುಖ ತಿರುಗಿಸುವಂತಾಗಿತ್ತು. ಒಂದಾಳು ನಡೆಯುವಷ್ಟು ಕಾಲುದಾರಿ ಕೊಡಿ ಎಂದು ಅವಳು ಎರಡು ಸಲ ಅರ್ಜಿ ಹಾಕಿದಳು. ದಾರಿ ಕೊಟ್ಟರೆ ದಾರಿರಹಿತ ವನದಲ್ಲಿ ದಾರಿ ಇದ್ದಂತಾಗುತ್ತದೆ ಎಂದು ಎರಡು ಸಲವೂ ಉತ್ತರ ಬಂತು. ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಅವಳು ಮೂರನೆಯದನ್ನು ಹಾಕಿದಳು.

ಅಷ್ಟರಲ್ಲಿ ಧನುರ್ಮಾಸದ ಚಳಿ ಬಂತು. ಘಟಕದ ಅಧಿಕಾರಿ ರಘುನಾಥ್ ಪ್ರಕಟಣೆ ಹೊರಡಿಸಿದರು: "ದಾರಿಯಿಲ್ಲದ ಕಾಡಿನಲ್ಲಿ ಚಳಿಗಾಲದ ಸಾಮೂಹಿಕ ನಡಿಗೆ, ಪ್ರತಿ ಭಾನುವಾರ. ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಡತಕ್ಕದ್ದಲ್ಲ." ಆಲಸನತ್ತಂನ ಹರಿಕೃಷ್ಣ ಎಂಬ ಕಾರ್ಖಾನೆಯ ಸೂಪರ್‌ವೈಸರ್ ಹೊಸೂರಿನಿಂದ ನಲವತ್ತು ಜನರನ್ನು ವ್ಯಾನು ತುಂಬಿಸಿಕೊಂಡು ಬಂದ. ನಲವತ್ತು ಜನ ನಿಯಮ ಪಾಲಿಸಿ ನಲವತ್ತು ಕಡೆ ನಡೆದರು. ಕೊನೆಯವನು ಸಿಕ್ಕಿದ್ದು ಮಂಗಳವಾರ, ಎರಡು ಶಿಫ್ಟು ತಪ್ಪಿಸಿಕೊಂಡು, ಬಹಳ ಖುಷಿಯಾಗಿದ್ದ.

ಕೂಡಲೇ ತಿದ್ದುಪಡಿ ಬಂತು. ಕಾಡಿನ ಈಚೆಯಿಂದ ಆಚೆಗೆ ಎಲ್ಲರೂ ಒಂದೇ ಸಾಲಿನಲ್ಲಿ ನಡೆಯಬಹುದು. ಆದರೆ ಹೆಜ್ಜೆ ಗುರುತು ಉಳಿಯಬಾರದು. ಅದಕ್ಕಾಗಿ "ಹೆಜ್ಜೆ ಅಳಿಸುವ ಸಿಬ್ಬಂದಿ" ಎಂಬ ಹುದ್ದೆ ಸೃಷ್ಟಿಯಾಗಿ, ಗೋವಿಂದಮ್ಮನಿಗೆ ಸಿಕ್ಕಿತು. ಪರಕೆ ಅವಳೇ ತರತಕ್ಕದ್ದು.

ಗೋವಿಂದಮ್ಮ ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ. ಹೆಜ್ಜೆಯ ಜೊತೆಗೆ ತರಗು, ಮುಳ್ಳು, ಕಲ್ಲು ಎಲ್ಲ ಗುಡಿಸಿದಳು. ಗುಡಿಸುವಾಗ ಅವಳದೇ ಹೆಜ್ಜೆ ಮೂಡುತ್ತಿತ್ತು. ಅದನ್ನು ಗುಡಿಸಲು ಮರುದಿನ ಹೋಗಬೇಕು. ಹೀಗೆ ಭಾನುವಾರದ ಕೆಲಸ ದಿನನಿತ್ಯದ ಕೆಲಸವಾಯಿತು. ಧನುರ್ಮಾಸದಲ್ಲಿ ಗುಡಿಸಿದ ನೆಲವನ್ನು ಬರಿದಾಗಿ ಬಿಡಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ಎರಡೂ ತುದಿಯಲ್ಲಿ ನೀರು ಚಿಮುಕಿಸಿ ರಂಗೋಲಿ ಹಾಕಿದಳು. ಹೇಗೂ ಹೋಗುವುದೇ ಆಯಿತಲ್ಲ ಎಂದು ಹಾಲಿನ ಕ್ಯಾನನ್ನೂ ತಲೆಯ ಮೇಲೆ ಇಟ್ಟುಕೊಂಡಳು. ಡೈರಿ ತಲುಪಿದಾಗ ಏಳಕ್ಕೆ ಹತ್ತು ನಿಮಿಷವಿತ್ತು.

ಒಂದು ದಿನ ರಘುನಾಥ್ ಅಳತೆಪಟ್ಟಿ ಹಿಡಿದು ತಪಾಸಣೆಗೆ ಬಂದರು. ಕೆಲಸವೂ ಹೋಯಿತು, ಹಾಲೂ ಹೋಯಿತು ಎಂದುಕೊಂಡಳು ಗೋವಿಂದಮ್ಮ. ಅವರು ರಂಗೋಲಿ ದಾಟಿ, ಉದ್ದಕ್ಕೂ ನೋಡಿದರು.

"ಏನಮ್ಮ, ಇದು ದಾರಿ ಥರ ಕಾಣ್ತದಲ್ಲ?"

"ದಾರಿ ಅಲ್ಲ ಸಾರ್. ದಾರಿ ಅಳ್ಸಿರೋ ಜಾಗ."

ರಘುನಾಥ್ ಉದ್ದಗಲ ಅಳೆದು ವರದಿ ಬರೆದರು: "ದಾರಿ ಅಳಿಸಿದ ಜಾಗವು ನಾಲ್ಕು ಅಡಿ ಅಗಲ, ಎರಡು ಕಿಲೋಮೀಟರ್ ಉದ್ದವಿದ್ದು ಎಲ್ಲಿಯೂ ತುಂಡಾಗಿಲ್ಲ. ದಾರಿ ಇಲ್ಲದಿರುವುದು ವನದ ಬೇರಾವ ಭಾಗದಲ್ಲೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ." ನಡಿಗೆಯವರು ಅದನ್ನು ಬಿಟ್ಟು ಬೇರೆಡೆ ಹೋಗದಿರಲೆಂದು ನೂರು ಅಡಿಗೊಂದು ಫಲಕ ನೆಟ್ಟರು: "ಇಲ್ಲಿ ದಾರಿ ಇಲ್ಲ." ಕೆಳಗೆ ಬಾಣದ ಗುರುತು. ಆನೆಗಳೂ ಸಂಜೆ ಅಲ್ಲೇ ಓಡಾಡತೊಡಗಿದವು. ಗೋವಿಂದಮ್ಮನಿಗೆ ದೊಡ್ಡ ಪರಕೆ ಮಂಜೂರಾಯಿತು.

ಸಂಕ್ರಾಂತಿ ಕಳೆದು ಒಂದು ಬೆಳಗ್ಗೆ, ಅವಳು ಕ್ಯಾನು ಎತ್ತುವ ಹೊತ್ತಿಗೆ, ಟಪಾಲಿನ ಪಾಪಣ್ಣ ಸೈಕಲ್ಲಿನಲ್ಲಿ ಬಂದಿಳಿದ. ಮೊದಲೆಲ್ಲ ಅವನು ಗುಡ್ಡ ಸುತ್ತಿ ಬರುವಾಗ ಮಧ್ಯಾಹ್ನವಾಗುತ್ತಿತ್ತು.

"ನಿನ್ ಅರ್ಜಿಗೆ ಉತ್ತರ ಬಂದೈತೆ ಕಣಮ್ಮ," ಎಂದು ಲಕೋಟೆ ಒಡೆದು ತಾನೇ ಓದಿದ. ಮೂರನೆಯ ಅರ್ಜಿಯೂ ವಜಾ. ಸದರಿ ಕಾಡಿನಲ್ಲಿ ದಾರಿ ಇರುವುದಿಲ್ಲ, ಮುಂದೆಯೂ ಇರತಕ್ಕದ್ದಲ್ಲ.

ಗೋವಿಂದಮ್ಮ ಕಾಗದವನ್ನು ಮಡಚಿ ತಲೆಯ ಸಿಂಬೆಯೊಳಗೆ ಸಿಕ್ಕಿಸಿಕೊಂಡಳು. "ಇಷ್ಟು ಬಿರ್ನೆ ಎಂಗ್ ಬಂದ್ಯಣ್ಣ?"

"ದಾರಿ ಚೆನ್ನಾಗೈತಲ್ಲಮ್ಮ."

"ದಾರಿ ಅನ್ಬ್ಯಾಡಣ್ಣ. ನನ್ ಕೆಲ್ಸ ಹೋಯ್ತದೆ."

ಪಾಪಣ್ಣ ಹತ್ತಿರದ ಫಲಕವನ್ನು ಓದಿ, ತಪ್ಪಾಯಿತೆಂದು ಒಪ್ಪಿಕೊಂಡು, ಬೆಲ್ಲು ಬಾರಿಸುತ್ತ ಬಂದ ಕಡೆಗೇ ಹೊರಟ. ಅವನ ಸೈಕಲ್ಲಿನ ಗುರುತನ್ನು ಗುಡಿಸುತ್ತ, ತಲೆಯ ಮೇಲೆ ಹಾಲು ಹೊತ್ತು, ಗೋವಿಂದಮ್ಮ ಹಿಂದೆ ನಡೆದಳು. ಏಳಕ್ಕೆ ಇನ್ನೂ ಅರ್ಧ ಗಂಟೆಯಿತ್ತು.