ರೆಡಿಮೇಡ್ ವೆಬ್‌ಸೈಟು, ನಮ್ಮೂರ ಮೈಕಟ್ಟು

ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನೆಂಟರು ಕೇಳುತ್ತಿರುತ್ತಾರೆ. ಕೊಳ್ಳೇಗಾಲದ ನನ್ನ ಅಂಗಡಿಗೆ ಬಂದು ಒಂದು ವಾರ ಕೂರಿ ಎನ್ನುತ್ತೇನೆ. ಯಾರೂ ಬರುವುದಿಲ್ಲ. ಗಿರಾಕಿಗಳು ಮಾತ್ರ ತಪ್ಪದೆ ಬರುತ್ತಾರೆ, ಬರುವಾಗ ಒಂದೊಂದು ಪ್ರಸಂಗವನ್ನೂ ಕರೆದುಕೊಂಡು ಬರುತ್ತಾರೆ.

ನನ್ನ ಅಂಗಡಿಯೆಂದರೆ ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಪ್ರತಿಯೊಂದನ್ನೂ ಮೊದಲಿನಿಂದ ಕಟ್ಟುತ್ತಾ ಕೂತರೆ ನಮ್ಮೂರವರಿಗೆ ತಾಳ್ಮೆ ಇರುವುದಿಲ್ಲ. ಆದ್ದರಿಂದ ಟೆಂಪ್ಲೇಟ್ ಬಳಸುತ್ತೇನೆ. ಟೆಂಪ್ಲೇಟ್ ಎಂದರೆ ರೆಡಿಮೇಡ್ ಸೈಟು. ಯಾವುದೋ ದೇಶದ ಯಾರೋ ಫೋಟೋ, ಬರಹ, ಬಣ್ಣ ಎಲ್ಲ ತುಂಬಿಸಿ ಇಟ್ಟಿರುತ್ತಾರೆ. ನಾವು ಅವರ ಹೆಸರು ತೆಗೆದು ನಮ್ಮ ಗಿರಾಕಿಯ ಹೆಸರು ಹಾಕಬೇಕು, ಅವರ ಫೋಟೋ ತೆಗೆದು ಇವರ ಫೋಟೋ ಹಾಕಬೇಕು. ಹೇಳುವುದಕ್ಕೆ ಇಷ್ಟೇ.

ಮಾರ್ಗರೆಟ್ ಬಂದಿದ್ದರು

ಅಣ್ಣತಮ್ಮಂದಿರಿಬ್ಬರದು ರೇಷ್ಮೆ ಸೀರೆ ಅಂಗಡಿ. ಅಣ್ಣ ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆಯವರೆಗೂ ಗಾದಿ ಬಿಟ್ಟು ಏಳುವವರಲ್ಲ. ತಮ್ಮ ಅಂಗಡಿಯಲ್ಲಿರಬೇಕಾದ ಹೊತ್ತಿನಲ್ಲಿ ಎದುರಿನ ಹೋಟೆಲಿನಲ್ಲಿರುತ್ತಾನೆ. ಕೇಳಿದರೆ ಒಳಗೆ ಗಿರಾಕಿಗಳಿಗೆ ಸೀರೆ ತೋರಿಸುತ್ತಿದ್ದೆ ಎನ್ನುತ್ತಾನೆ.

ಬಣ್ಣ ಒಪ್ಪಿಗೆಯೋ ಇಲ್ಲವೋ ನೋಡಲಿ ಎಂದು ಅರ್ಧ ಮುಗಿದ ಸೈಟನ್ನು ಅಣ್ಣನ ಫೋನಿಗೆ ಕಳಿಸಿದೆ. ಅದು ವಿದೇಶದ ಬಟ್ಟೆಯಂಗಡಿಯೊಂದರ ಟೆಂಪ್ಲೇಟು. ಕೆಳಗಡೆ ಗ್ರಾಹಕರ ಮೆಚ್ಚುಗೆಯ ಮಾತು ಎಂದು ಮಾರ್ಗರೆಟ್ ಎಂಬ ಹೆಂಗಸಿನ ಫೋಟೋ ಇತ್ತು. ಅಂಗಡಿಯ ಯುವಕ ಬಹಳ ತಾಳ್ಮೆಯಿಂದ ನೋಡಿಕೊಂಡ ಎಂದು ಆಕೆ ಬರೆದಂತೆ ಇಂಗ್ಲಿಷಿನಲ್ಲಿ ಎರಡು ಸಾಲು ಇದ್ದವು. ಅದನ್ನು ಇನ್ನೂ ತೆಗೆದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಣ್ಣನ ಫೋನ್ ಬಂತು. "ಮೇಡಂ, ಮಾರ್ಗರೆಟ್ ಅನ್ನೋರು ನಮ್ಮಂಗಡಿ ಬಗ್ಗೆ ಎಷ್ಟು ಚೆನ್ನಾಗಿ ಬರ್ದವ್ರೆ. ಯಾವಾಗ ಬಂದಿದ್ರೋ, ನನಗೆ ಜ್ಞಾಪಕನೇ ಇಲ್ವಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಮ್ಮನನ್ನು ಕರೆದರು. "ಲೋ, ಮಾರ್ಗರೆಟ್ ಅಂತ ಫಾರಿನ್ನೋರು ಯಾರಾದ್ರೂ ಬಂದಿದ್ರೇನೋ?"

ತಮ್ಮನ ದನಿ ನನಗೂ ಕೇಳಿಸಿತು. "ಹೂಂ ಕಣಣ್ಣ, ನಾನೇ ತೋರ್ಸಿದ್ದು. ನೀನು ಊಟಕ್ಕೆ ಹೋಗಿದ್ದೆ. ಮಾವಿನಕಾಯಿ ಬಾರ್ಡರಿಂದು ತುಂಬಾ ಇಷ್ಟಪಟ್ರು."

ಇನ್ನು ಸುಮ್ಮನಿರುವುದು ಸರಿಯಲ್ಲ ಎಂದು ನಾನು ಅಣ್ಣನಿಗೆ ನಿಜ ಹೇಳಿಬಿಟ್ಟೆ. ಸರ್, ಆ ಹೆಂಗಸು ಟೆಂಪ್ಲೇಟಿನ ಜೊತೆ ಬಂದಿರುವುದು, ಕೊಳ್ಳೇಗಾಲಕ್ಕೆ ಬಂದೇ ಇಲ್ಲ ಎಂದೆ. ಅಣ್ಣ ತಮ್ಮನನ್ನು ಬಹಳ ಮೆತ್ತಗೆ ಕೇಳಿದರು.

"ಮತ್ತೆ ಬರ್ತೀನಿ ಅಂದ್ರೇನೋ?"

"ಅಂದ್ರು ಕಣಣ್ಣ. ದೀಪಾವಳಿಗೆ ಅವ್ರ ಅಕ್ಕನ್ನೂ ಕರ್ಕೊಂಡು ಬರ್ತಾರಂತೆ."

ಕಾಮಗೆರೆಯ ಸತ್ಯವಂತ

ಕಾಮಗೆರೆ ಕಡೆಯ ಮನೆ ಕಟ್ಟುವ ಕಂಟ್ರಾಕ್ಟರ್ ಒಬ್ಬರು. ಅವರ ಟೆಂಪ್ಲೇಟಿನ ನಡುವೆ ದೊಡ್ಡ ದೊಡ್ಡ ಅಂಕಿಗಳು ಗಿರಗಿರನೆ ಓಡಿ ನಿಲ್ಲುತ್ತಿದ್ದವು. ಕಟ್ಟಿದ ಕಟ್ಟಡಗಳು ಎಂಟುನೂರು, ಸಂತೋಷಗೊಂಡ ಗ್ರಾಹಕರು ಎರಡು ಸಾವಿರ, ಪಡೆದ ಪ್ರಶಸ್ತಿಗಳು ನಲವತ್ತು. ಕೊನೆಯಲ್ಲಿ, ಕುಡಿದ ಕಾಫಿ ಮೂರು ಸಾವಿರ ಕಪ್ಪು. ವಿದೇಶದವರು ತಮಾಷೆಗೆ ಹಾಗೆ ಹಾಕುತ್ತಾರೆ.

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವೆಲ್ಲ ಮಾದರಿಗೆ ಇರುವ ಅಂಕಿಗಳು, ನಿಮ್ಮವು ಹೇಳಿ, ತಿದ್ದುತ್ತೇನೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನಿಧಾನವಾಗಿ ಓದಿದರು. ಎಂಟುನೂರು ಕಟ್ಟಡಕ್ಕೆ ತಲೆಯಾಡಿಸಿದರು. ಎರಡು ಸಾವಿರ ಗ್ರಾಹಕರಿಗೂ ತಲೆಯಾಡಿಸಿದರು. ನಲವತ್ತು ಪ್ರಶಸ್ತಿ ನೋಡಿ ಶರಟಿನ ಕಾಲರು ಸರಿಮಾಡಿಕೊಂಡರು. ಕಾಫಿಗೆ ಬಂದಾಗ ಮುಖ ಗಂಟಿಕ್ಕಿತು.

"ಇದನ್ನ ಮಾತ್ರ ತೆಗೀರಿ ಮೇಡಮ್ಮೋರೆ. ನಾನು ಟೀ ಕುಡಿಯೋನು. ಜನಕ್ಕೆ ಸುಳ್ಳು ಏಳ್ಬಾರ್ದು."

ಗೋಪಿನಾಥಂ ಬೀಚು

ಗೋಪಿನಾಥಂ ಕಡೆ ಒಬ್ಬರು ತಮ್ಮ ತೋಟದಲ್ಲೇ ಎರಡು ಕೋಣೆ ಕಟ್ಟಿಸಿ, ಕಾಡು ನೋಡಲು ಬರುವವರಿಗೆ ಹೋಮ್‌ಸ್ಟೇ ಮಾಡಿದರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಎರಡರಲ್ಲೂ ಇಲ್ಲ ಎನ್ನುವ ಪದ ಅವರ ಬಾಯಲ್ಲಿ ಬರುವುದಿಲ್ಲ. ವಾರದ ಕೊನೆಗೇ ಜನ ಬರಬೇಕು, ಬೇಗ ಮಾಡಿ ಎಂದರು. ಸಮುದ್ರತೀರದ ರೆಸಾರ್ಟಿನ ಟೆಂಪ್ಲೇಟ್ ಒಂದನ್ನು ಆರಿಸಿಕೊಟ್ಟು, ಫೋಟೋಗಳನ್ನೆಲ್ಲ ಬದಲಾಯಿಸಿದೆ. ಒಳಪುಟದ ಒಂದು ಸಾಲು ಮಾತ್ರ ಹೇಗೋ ಕಣ್ಣು ತಪ್ಪಿಸಿ ಉಳಿದುಕೊಂಡಿತು. ಬಾಗಿಲು ತೆರೆದರೆ ಬೀಚು ಎಂಬ ಸಾಲು.

ಮೈಸೂರಿನಿಂದ ಯಾರೋ ಫೋನ್ ಮಾಡಿ, ನಿಜವಾಗಲೂ ಬೀಚು ಇದೆಯಾ ಎಂದು ಕೇಳಿದ್ದಾರೆ. ನಮ್ಮವರು ಅದೆ ಸಾ, ಬನ್ನಿ ಎಂದುಬಿಟ್ಟಿದ್ದಾರೆ. ಗಂಡ, ಹೆಂಡತಿ, ಅತ್ತೆ, ಮಾವ ಎಲ್ಲರೂ ಕಾರಿನಲ್ಲಿ ಕಾಡುದಾರಿ ಸುತ್ತಿ ಸುತ್ತಿ ಬಂದು ಇಳಿದರು. ಮಾವ ಆಗಲೇ ಅರ್ಧ ಚಡ್ಡಿ ಹಾಕಿಕೊಂಡು, ಬಿಸಿಲಿನ ಟೋಪಿ ಇಟ್ಟುಕೊಂಡು ತಯಾರಾಗಿದ್ದರಂತೆ. ಇವರು ಅವರನ್ನೆಲ್ಲ ಹೊಳೆದಂಡೆಗೆ ಕರೆದುಕೊಂಡು ಹೋಗಿ, ಮರಳಿನ ಮೇಲೆ ಚಾಪೆ ಹಾಸಿ ಕೂರಿಸಿ, ಹಿಡಿದು ತಂದ ಮೀನು ಹುರಿಸಿ ಕೊಟ್ಟರು.

ಮೀನು ಮುಗಿದ ಮೇಲೆ ಅಳಿಯ ಎದ್ದು ನಿಂತು ಸುತ್ತ ನೋಡಿದ. "ಎಲ್ರೀ ಸಮುದ್ರ?"

ನಮ್ಮವರು ಹರಿಯುವ ನೀರಿನ ಕಡೆ ಕೈ ತೋರಿಸಿದರು. "ಈ ನೀರು ಸೀದಾ ಅಲ್ಲಿಗೇ ಓಯ್ತದೆ ಸಾ. ಇನ್ನೂ ಎರಡು ಮೀನು ಹಾಕ್ಲಾ?"

ಮಾವ ಹಾಕಿ ಎಂದರಂತೆ. ವಿಷಯ ತಿಳಿದ ಕೂಡಲೇ ನಾನು ಆ ಸಾಲು ತೆಗೆಯಲು ಹೋದೆ. ಅವರು ಬಿಡಲಿಲ್ಲ. "ಇರ್ಲಿ ಬುಡಿ ಮೇಡಂ. ಬಂದೋರು ಬೀಚ್ ಇಲ್ಲ ಅಂತ ಬೈಯೋಷ್ಟೊತ್ಗೆ ಒಂದಿನ ಕಳ್ದು ಬಾಡ್ಗೆ ಬಂದಿರ್ತದೆ."

ಅವರು ಅತ್ತ ಹೋದ ಮೇಲೆ ತೆಗೆದೆ.

ಗೊಂಚಲು ದೀಪ ಯಾರದು

ಯಳಂದೂರಿನಲ್ಲಿ ಭಾವ ಮೈದುನರಿಬ್ಬರು. ಇಬ್ಬರಿಗೂ ಒಂದೊಂದು ಕಲ್ಯಾಣ ಮಂಟಪ, ಒಂದೇ ರಸ್ತೆಯಲ್ಲಿ. ಯಾವುದೋ ಮದುವೆಯಲ್ಲಿ ಒಬ್ಬರಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದರೆಂದು ಮಾತು ಬಿಟ್ಟವರು ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮೊದಲು ಭಾವ ಬಂದರು. ನಾಲ್ಕು ಟೆಂಪ್ಲೇಟ್ ತೋರಿಸಿದೆ. ಎರಡನೆಯದು ಅವರ ಮನಸ್ಸಿಗೆ ಬಂತು. ತೆರೆದ ಕೂಡಲೇ ಅರಮನೆಯಂಥ ಹಾಲು, ಛಾವಣಿಯಿಂದ ಇಳಿಬಿದ್ದ ಬೃಹತ್ ಗಾಜಿನ ಗೊಂಚಲು ದೀಪ. ನಿಮ್ಮ ಮಂಟಪದ ಫೋಟೋ ಕಳಿಸಿ, ಇದರ ಜಾಗದಲ್ಲಿ ಹಾಕುತ್ತೇನೆ ಎಂದೆ. "ಸುಣ್ಣ ಹೊಡೆಸ್ಬೇಕು, ಆಮೇಲೆ ಕಳಿಸ್ತೀನಿ. ಅಲ್ಲೀಗಂಟ ಇದೇ ಇರ್ಲಿ" ಎಂದರು.

ತಿಂಗಳೊಳಗೆ ಮೈದುನ ಬಂದರು. ಅದೇ ನಾಲ್ಕು ತೋರಿಸಿದೆ. ಎರಡನೆಯದು ಬೇರೆಯವರಿಗೆ ಆಗಿದೆ, ಬೇರೆ ಆರಿಸಿ ಎಂದೆ. ಯಾರಿಗೆ ಎಂದು ಕೇಳಿದರು. ಹೇಳಿದೆ. "ಅದೇ ಬೇಕು" ಎಂದರು. ಬಣ್ಣ ಮಾತ್ರ ಬದಲಾಯಿಸಿ ಕೊಟ್ಟೆ. ಅವರ ಮಂಟಪಕ್ಕೂ ಸುಣ್ಣ ಹೊಡೆಸುವುದಿತ್ತು.

ಆಮೇಲೆ ಶುರುವಾಯಿತು. ಭಾವ ಫೋನ್ ಮಾಡಿ, ನಮ್ಮ ದೀಪ ಅವನ ಸೈಟಿಗೆ ಹೇಗೆ ಹೋಯಿತು ಎಂದು ಕೇಳಿದರು. ಸರ್, ಅದು ನಿಮ್ಮ ದೀಪವೂ ಅಲ್ಲವಲ್ಲ ಎಂದೆ. "ನಂದಲ್ಲ ಸರಿ. ಆದ್ರೆ ಮೊದ್ಲು ನಂದು" ಎಂದರು. ಮೈದುನ ಫೋನ್ ಮಾಡಿ, ಆ ದೀಪವನ್ನು ಭಾವನ ಕಡೆ ಆರಿಸಿಬಿಡಿ ಎಂದರು.

ಈ ನಡುವೆ ಹೊನ್ನೂರಿನ ಯಜಮಾನರೊಬ್ಬರು ಮಗಳ ಮದುವೆಗೆಂದು ಅವಳನ್ನೂ ಕರೆದುಕೊಂಡು ಭಾವನ ಮಂಟಪ ನೋಡಲು ಬಂದರು. ಹುಡುಗಿ ಫೋನಿನಲ್ಲಿ ದೀಪ ನೋಡಿ, ಆ ದೀಪದ ಕೆಳಗೇ ತಾಳಿ ಕಟ್ಟಿಸಿಕೊಳ್ಳುವುದು ಎಂದು ಹಟ ಹಿಡಿದಿದ್ದಳು. ಒಳಗೆ ಬಂದು ತಲೆಯೆತ್ತಿ ನೋಡಿದರೆ ಎರಡು ಟ್ಯೂಬ್‌ಲೈಟು, ನಾಲ್ಕು ಫ್ಯಾನು.

"ದೀಪ ಎಲ್ಲಿ ಸ್ವಾಮಿ?"

ಭಾವ ರಸ್ತೆಯ ಕಡೆ ಬೆರಳು ತೋರಿಸಿದರು. "ಅದು ಮುಂದಿನ ಮಂಟಪದ್ದು. ತಪ್ಪಿ ನಮ್ಮದರಲ್ಲಿ ಬಂದದೆ" ಎಂದರು. ಅವರು ಮೈದುನನ ಮಂಟಪಕ್ಕೆ ಹೋಗಿ ತಲೆಯೆತ್ತಿದರು. ಅಲ್ಲಿ ಮೂರು ಟ್ಯೂಬ್‌ಲೈಟು. ಮೈದುನ, "ಅಯ್ಯೋ, ಅದು ಹಿಂದಿನ ಮಂಟಪದ್ದು" ಎಂದರು. ಹುಡುಗಿ ಮತ್ತೆ ಭಾವನ ಮಂಟಪಕ್ಕೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ದೀಪ ತೋರಿಸುವವರೆಗೂ ಏಳುವುದಿಲ್ಲ ಎಂದಳು.

ಗಲಾಟೆ ಕೇಳಿ ಮೈದುನನೂ ಬಂದರು. ಇಷ್ಟು ವರ್ಷ ಮಾತು ಬಿಟ್ಟವರು ಹುಡುಗಿಯ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಮಾತಾಡಿದ್ದು ಮೈದುನ. "ಈಗೇನ್ ಮಾಡಾಣ ಭಾವ?"

ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಬಂದು ನನ್ನ ಎದುರು ಕೂತರು. ಭಾವ ನನ್ನನ್ನು ಬೈಯುವಾಗ ಮೈದುನ ನೀರು ಕುಡಿಯುತ್ತಿದ್ದರು, ಮೈದುನ ಬೈಯುವಾಗ ಭಾವ ಕುಡಿಯುತ್ತಿದ್ದರು. ಅಂದೇ ಎರಡೂ ಸೈಟಿನಿಂದ ಗೊಂಚಲು ದೀಪ ತೆಗೆದೆ. ಹೊರಡುವಾಗ ಭಾವ ಬಾಗಿಲಲ್ಲಿ ನಿಂತು ಕೇಳಿದರು.

"ಆ ದೀಪ ನಿಜವಾಗ್ಲೂ ಇರೋ ಮಂಟಪ ಯಾವೂರಲ್ಲಿ ಅದೆ ಮೇಡಂ? ಆ ಹುಡುಗಿ ಇನ್ನೂ ಮೆಟ್ಲ ಮೇಲೇ ಕೂತವ್ಳೆ."

ಎಮ್ಮಾ

ಹನೂರಿನಲ್ಲಿ ಬೋರ್‌ವೆಲ್ ಕೊರೆಸಿಕೊಡುವವರೊಬ್ಬರ ಸೈಟು ಮಾಡಿದ್ದೆ. ಆ ಟೆಂಪ್ಲೇಟಿನ ಮೂಲೆಯಲ್ಲಿ ಚಾಟ್ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಕೆಂಪು ಕೆನ್ನೆಯ, ನಗುಮುಖದ ಹುಡುಗಿಯ ಫೋಟೋ. ನಾನು ಎಮ್ಮಾ, ನಿಮಗಾಗಿ ಇಲ್ಲೇ ಇದ್ದೇನೆ ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಪಕ್ಕದಲ್ಲಿ ಆನ್‌ಲೈನ್ ಎಂಬ ಹಸಿರು ಚುಕ್ಕಿ. ಯಾರಾದರೂ ನಂಬರು ಹಾಕಿದರೆ ಅದು ಮಾಲೀಕರ ಫೋನಿಗೆ ಹೋಗುತ್ತದೆ, ಅವರು ವಾಪಸು ಫೋನ್ ಮಾಡುತ್ತಾರೆ. ಉಪಯೋಗಕ್ಕೆ ಬರುತ್ತದೆಂದು ಅವರೇ ಇಟ್ಟುಕೊಂಡಿದ್ದರು.

ಒಂದು ಬೆಳಿಗ್ಗೆ ಅವರ ಹೆಂಡತಿ ಹನೂರಿನಿಂದ ಬಸ್ ಹತ್ತಿ ನನ್ನ ಅಂಗಡಿಗೆ ಬಂದರು. ಚೀಲ ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೂತರು.

"ಮೇಡಮ್ಮೋರೆ, ನೀವೂ ಹೆಣ್ಣು, ನಾನೂ ಹೆಣ್ಣು. ನಿಜ ಏಳಿ. ಎಮ್ಮಾ ಯಾವೂರೋಳು?"

ಅದು ಬರೀ ಫೋಟೋ ಕಣಕ್ಕ, ಮಾತಾಡುವುದು ಮಿಷಿನ್ನು ಎಂದೆ.

"ಮಿಷಿನ್ನಿಗೆ ಕೆನ್ನೆ ಅಷ್ಟು ಕೆಂಪಗಿರ್ತದಾ? ಎಷ್ಟೊತ್ನಲ್ಲಿ ನೋಡಿದ್ರೂ ಹಸಿರು ಚುಕ್ಕಿ ಉರೀತಾ ಇರ್ತದೆ. ಅವ್ಳಿಗೆ ಮನೆ ಕೆಲ್ಸ ಇಲ್ವಾ?"

ಅವರ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ನಗು ಬರಲಿಲ್ಲ. ಬಾಯಿಮಾತಿಗೆ ನಂಬುವುದಿಲ್ಲ ಎನ್ನಿಸಿ, ನೀವೇ ಮಾತಾಡಿ ನೋಡಿ ಎಂದು ಕಂಪ್ಯೂಟರ್ ಮುಂದೆ ಕೂರಿಸಿದೆ. ಅವರು ಒಂದೇ ಬೆರಳಿನಲ್ಲಿ ನೀನು ಯಾರು ಎಂದು ಒತ್ತಿದರು. ಒಳ್ಳೆಯ ಪ್ರಶ್ನೆ, ನಿಮ್ಮ ಫೋನ್ ನಂಬರು ಕೊಡಿ ಎಂದು ಎಮ್ಮಾ ಹೇಳಿದಳು. ನಿಂಗೆ ಮದುವೆ ಆಗಿದ್ಯಾ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ನಿಮ್ಮ ಫೋನ್ ನಂಬರು ಕೊಡಿ ಎಂದಳು. ಅಕ್ಕನಿಗೆ ಅರ್ಧ ನಂಬಿಕೆ ಬಂತು. ಪೂರ್ತಿ ಬರಲಿ ಎಂದು ನಾನು ಯಾವುದೋ ಹೆಂಗಸಿನ ಹೆಸರಿನ ಜೊತೆ ನನ್ನ ಅಂಗಡಿಯ ಫೋನ್ ನಂಬರನ್ನು ಹಾಕಿದೆ. ಈ ನಂಬರು ಅವರ ಗಂಡನ ಹತ್ತಿರ ಇರಲಿಲ್ಲ.

ಐದು ನಿಮಿಷವಾಗಿಲ್ಲ, ಫೋನ್ ಹೊಡೆದುಕೊಂಡಿತು. ಅಕ್ಕ ಸ್ಪೀಕರ್ ಹಾಕಿ ಎತ್ತಿಕೊಂಡರು.

"ನಮಸ್ಕಾರ ಮೇಡಂ," ಗಂಡನ ದನಿ ಬೆಣ್ಣೆಯ ಹಾಗಿತ್ತು. "ಎಂಗಿದ್ದೀರಾ? ಊಟ ತಿಂಡಿ ಆಯ್ತಾ? ನಮ್ಮಿಂದ ಏನ್ ಸೇವೆ ಆಗ್ಬೇಕು ಏಳಿ ಮೇಡಂ."

ಅಕ್ಕ ಫೋನನ್ನು ಹತ್ತಿರ ಎಳೆದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. "ಮದುವೆ ಆಗಿ ಇಷ್ಟು ವರ್ಸ ಆಯ್ತು. ಊಟ ಆಯ್ತಾ ಅಂತ ನನ್ನ ಒಂದಿನ ಕೇಳಿದ್ದೀಯಾ?"

ಗಂಡ ಗಂಟಲು ಸರಿಮಾಡಿಕೊಂಡರು. "ಮೇಡಂ, ತಮ್ಮ ಜಮೀನು ಎಲ್ಲಿ ಬತ್ತದೆ?"

"ನಿನ್ನ ಅಡುಗೆಮನೆ ಪಕ್ಕ."

ಫೋನ್ ಕಟ್ಟಾಯಿತು.

ಚಾಟ್ ಪೆಟ್ಟಿಗೆ ತೆಗೆಯುವುದು ಬೇಡ ಎಂದು ಅಕ್ಕನೇ ಹೇಳಿದರು. ಎಮ್ಮಾಳ ಜಾಗದಲ್ಲಿ ತಮ್ಮ ಫೋಟೋ ಹಾಕಿಸಿಕೊಂಡರು, ಮಿಷಿನ್ನಿನ ಉತ್ತರ ನಿಲ್ಲಿಸಿ ಚಾಟನ್ನು ತಮ್ಮ ಫೋನಿಗೇ ಜೋಡಿಸಿಕೊಂಡರು, ಹನೂರಿನ ಬಸ್ ಹತ್ತಿದರು.

ಒಂದು ತಿಂಗಳ ಮೇಲೆ ಗಂಡ ಬಂದರು. ಮುಖ ಬಾಡಿತ್ತು. "ಎಮ್ಮಾನೇ ವಾಸಿ ಕಣ್ರಿ. ನಂಬರ್ ಈಸ್ಕೊಂಡು ಸುಮ್ನಿರೋಳು. ಇವ್ಳು ಗಿರಾಕಿ ಮೆಸೇಜ್ ಮಾಡಿದ್ರೆ, ಓದ್ ವರ್ಸ ಕೊರ್ಸಿದ್ರಲ್ಲೇ ನೀರ್ ಬರ್ಲಿಲ್ವಲ್ಲ, ಮತ್ಯಾಕೆ ಇನ್ನೊಂದು ಅಂತ ಅವ್ರಿಗೇ ಬುದ್ಧಿ ಏಳ್ತಾಳೆ. ಎಂಗಾದ್ರೂ ಮಾಡಿ ಎಮ್ಮಾನ ವಾಪಸ್ ತನ್ನಿ."

ಅಕ್ಕನನ್ನು ಕೇಳದೆ ನಾನು ಮುಟ್ಟುವುದಿಲ್ಲ ಎಂದೆ. ಮನೆಯಲ್ಲಿ ಎದುರಿಗೆ ಕೇಳುವ ಧೈರ್ಯ ಅವರಿಗಿರಲಿಲ್ಲ. ಯಾರೋ ಗಿರಾಕಿಯ ಹಾಗೆ ಕೇಳಿ ನೋಡುತ್ತೇನೆ ಎಂದು ನನ್ನ ಕಂಪ್ಯೂಟರಿನಲ್ಲೇ ಸೈಟು ತೆರೆದರು. ಹೆಸರಿನ ಜಾಗದಲ್ಲಿ ಯಾವುದೋ ಸುಳ್ಳು ಹೆಸರು, ನಂಬರಿನ ಜಾಗದಲ್ಲಿ ನನ್ನ ಅಂಗಡಿಯ ನಂಬರು ಹಾಕಿದರು. ಮೇಡಂ, ಮುಂಚೆ ಇಲ್ಲಿ ಎಮ್ಮಾ ಅನ್ನೋರು ಇದ್ರಲ್ಲ, ತುಂಬಾ ಚೆನ್ನಾಗಿ ಮಾತಾಡೋರು, ಈಗೆಲ್ಲಿ ಎಂದು ಬರೆದು ಕಳಿಸಿದರು.

ಉತ್ತರ ತಕ್ಷಣ ಬಂತು.

"ಎಮ್ಮಾ ತೌರಿಗೆ ಓಗವ್ಳೆ. ನೀನು ಮೇಡಮ್ಮೋರ ಅಂಗ್ಡೀಲೇ ಕೂತಿರು, ಬತ್ತಾ ಇವ್ನಿ."