ಬಿನ್ನಿಪೇಟೆಯಲ್ಲಿ ತಮ್ಮನ್ನು ಮಗುಚಿ ಹಾಕಿದ್ದರ ಬಗ್ಗೆ

ಮಾನ್ಯ ಆಪದ್ಬಾಂಧವ ಯಂತ್ರ ಮಹಾಶಯರೇ,

ಬಾಪೂಜಿ ನಗರದ ಅನಂತಲಕ್ಷ್ಮಿಯ ಸವಿನಯ ನಮಸ್ಕಾರಗಳನ್ನು ಸ್ವೀಕರಿಸಬೇಕು. ತಾವು ಹೊಟ್ಟೆ ತುಂಬ ಕರೆಂಟು ಕುಡಿದು ಸುಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಎಡಗಡೆಯ ದೀಪದ ಗಾಜನ್ನು ಬದಲಾಯಿಸಿದರೆಂದು ತಿಳಿದು ಸಂತೋಷವಾಯಿತು. ಅದು ಒಡೆದದ್ದು ನನ್ನಿಂದಲೇ ಆದ್ದರಿಂದ ಈ ಸಂತೋಷವನ್ನು ಎಲ್ಲರಿಗಿಂತ ಮೊದಲು ನಾನು ಹೇಳಿಕೊಳ್ಳುವುದು ಮರ್ಯಾದೆ.

ತಮ್ಮನ್ನು ತಯಾರಿಸಿದ ಕಂಪನಿಯ ಯೋಜನಾ ಮುಖ್ಯಸ್ಥರಾದ ರುದ್ರೇಶ ಅವರು, ಗಾಯಾಳುಗಳನ್ನು ಹುಡುಕುವ ತಮ್ಮ ಪರೀಕ್ಷೆಯ ದಿನ ನಾನು ಉದ್ದೇಶಪೂರ್ವಕವಾಗಿ ತಮ್ಮನ್ನು ಮಗುಚಿ ಹಾಕಿದ್ದೇಕೆಂದು ವಿವರಣೆ ಕೇಳಿದ್ದಾರೆ. ಅವರು ಆ ಹೊತ್ತಿನಲ್ಲಿ ಹೊರಗಿನ ಡೇರೆಯೊಳಗೆ ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದರು. ಕಟ್ಟಡದ ಒಳಗೆ ಇದ್ದವರು ನಾನು, ರಕ್ಷಣಾ ತಂಡದ ಕೊಟ್ರಪ್ಪ ಮತ್ತು ತಾವು. ಆದ್ದರಿಂದ ಅವರಿಗಿಂತ ತಮಗೇ ಬರೆಯುವುದು ನ್ಯಾಯವೆಂದು ತೋರಿತು. ಬಹಿರಂಗವಾಗಿ ಬರೆಯುತ್ತಿರುವುದು ಏಕೆಂದರೆ, ತಮ್ಮ ಕಿವಿ ಎಷ್ಟು ಸೂಕ್ಷ್ಮವೆಂಬುದನ್ನು ನಾನು ಸ್ವತಃ ಕಂಡಿದ್ದೇನೆ.

ಮೊದಲು ನನ್ನ ಪರಿಚಯ. ನಾನು ವೃತ್ತಿಯಿಂದ ರವಿಕೆ ಹೊಲಿಯುವವಳು, ಹವ್ಯಾಸದಿಂದ ಗಾಯಾಳು. ಪೌರ ರಕ್ಷಣೆಯವರು ಅಣಕು ಕಾರ್ಯಾಚರಣೆ ಇಟ್ಟುಕೊಂಡಾಗಲೆಲ್ಲ ಬಿದ್ದುಕೊಳ್ಳಲು ಒಬ್ಬರು ಬೇಕಾಗುತ್ತಾರೆ, ಅವರು ನನ್ನನ್ನು ಕರೆಯುತ್ತಾರೆ. ನಾನು ವಿಜಯನಗರದಲ್ಲಿ ಹೊಗೆ ಕುಡಿದಿದ್ದೇನೆ, ಕೆಂಗೇರಿಯಲ್ಲಿ ನೀರಿನಲ್ಲಿ ಮುಳುಗಿದ್ದೇನೆ, ರಾಜಾಜಿನಗರದ ಕಲ್ಯಾಣ ಮಂಟಪವೊಂದರಲ್ಲಿ ಗ್ಯಾಸ್ ಸೋರಿ ಸತ್ತೇ ಹೋಗಿದ್ದೇನೆ, ಸತ್ತ ಮೇಲೆ ಅಲ್ಲಿಯೇ ಉಪ್ಪಿಟ್ಟು ತಿಂದು ಬಸ್ಸು ಹತ್ತಿ ಮನೆಗೆ ಬಂದಿದ್ದೇನೆ. ಇಷ್ಟೆಲ್ಲ ಅನುಭವವಿದ್ದರೂ ಯಂತ್ರವೊಂದರ ಕೈಯಲ್ಲಿ ರಕ್ಷಣೆಗೊಳ್ಳುವ ಭಾಗ್ಯ ಒದಗಿದ್ದು ತಮ್ಮಿಂದಲೇ.

ಅಂದು ಬೆಳಗ್ಗೆ ಬಿನ್ನಿಪೇಟೆಯಲ್ಲಿ, ಕೆಡವಲು ಗೊತ್ತುಮಾಡಿದ್ದ ಆ ಹಳೆಯ ಗೋದಾಮಿನ ಅಂಗಳದಲ್ಲಿ ತಮ್ಮ ಪ್ರಥಮ ದರ್ಶನವಾಯಿತು. ಗ್ಯಾಸ್ ಸಿಲಿಂಡರನ್ನು ಅಡ್ಡ ಮಲಗಿಸಿ ಅದಕ್ಕೆ ಯುದ್ಧದ ಟ್ಯಾಂಕಿನ ಚಕ್ರಪಟ್ಟಿ ಕಟ್ಟಿದಂಥ ತಮ್ಮ ಗಂಭೀರ ರೂಪವನ್ನು ನೋಡಿ ನಾನು ಕೈ ಮುಗಿದದ್ದು ತಮಗೆ ನೆನಪಿರಬಹುದು. ಅಲ್ಲೇ ಪಕ್ಕದಲ್ಲಿ ಕಂಪನಿಯ ಇಂಜಿನಿಯರ್ ಹುಡುಗಿ ಚೈತ್ರ, ರಕ್ಷಣಾ ತಂಡದವರ ಎದೆಗೆ ಒಂದೊಂದು ಪಟ್ಟಿ ಕಟ್ಟುತ್ತಿದ್ದಳು. ಅದು ಎದೆಬಡಿತ, ಮೈಬಿಸಿ, ಚಲನೆ ಎಲ್ಲವನ್ನೂ ಅಳೆದು ಡೇರೆಗೆ ಕಳಿಸುತ್ತದಂತೆ.

"ಇದು ಕಟ್ಕೊಂಡ್ರೆ ನೀವು ಎಲ್ಲಿದೀರ, ಹೇಗಿದೀರ ಎಲ್ಲಾ ನಮಗೆ ಗೊತ್ತಾಗ್ತಾ ಇರತ್ತೆ," ಎಂದಳು.

"ಈ ಸುದ್ದಿ ನಮ್ಮ ಮನಿಯಾಕಿಗೆ ಹೇಳಬ್ಯಾಡ್ರಿ ಮತ್ತ," ಎಂದ ಕೊಟ್ರಪ್ಪ, "ನಾಳೆನ ಒಂದು ತರಿಸ್ತಾಳ."

ಈ ಕೊಟ್ರಪ್ಪ ಕೂಡ್ಲಿಗಿ ಕಡೆಯವನು. ಬೆಂಗಳೂರಿಗೆ ಬಂದ ಹೊಸದರಲ್ಲಿ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಿದ್ದವನು, ಈಗ ರಕ್ಷಣಾ ತಂಡದಲ್ಲಿದ್ದಾನೆ. ಹಿಂದಿನ ಅಣಕುಗಳಲ್ಲಿ ನನ್ನನ್ನು ಹೊತ್ತು ಹೊರತಂದವನು ಅವನೇ, ಒಮ್ಮೆಯೂ ನನ್ನ ತೂಕದ ಬಗ್ಗೆ ಮಾತಾಡಿದವನಲ್ಲ. ತಂಡದ ನಿಯಮದ ಪ್ರಕಾರ ಕುಸಿದ ಕಟ್ಟಡದೊಳಕ್ಕೆ ಯಾರೂ ಒಂಟಿಯಾಗಿ ಹೋಗುವಂತಿಲ್ಲ, ಇಬ್ಬರಿಬ್ಬರೇ ಹೋಗಬೇಕು. ಆದರೆ ಅಂದು ಪರೀಕ್ಷೆಯಾದ್ದರಿಂದ ಕೊಟ್ರಪ್ಪನ ಜೊತೆಗಾರನ ಸ್ಥಾನದಲ್ಲಿ ತಮ್ಮನ್ನೇ ನೇಮಿಸಲಾಯಿತು. ತಮ್ಮಂಥ ಜೊತೆಗಾರ ಯಾರಿಗೆ ಸಿಗುತ್ತಾನೆ. ಬೀಡಿ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ.

ನಾನು ಒಳಕೋಣೆಯಲ್ಲಿ ಹಲಗೆಯ ಕೆಳಗೆ, ಮುರಿದ ಇಟ್ಟಿಗೆಗಳ ನಡುವೆ ನರಳುತ್ತ ಮಲಗಿದ್ದೆ. ತಾವು ಗರಗರನೆ ಬಂದು, ಕಣ್ಣಿಗೆ ದೀಪ ಬಿಟ್ಟು, ರೈಲು ನಿಲ್ದಾಣದ ಪ್ರಕಟಣೆಯಂಥ ಶುದ್ಧ ಕನ್ನಡದಲ್ಲಿ, "ಗಾಬರಿಯಾಗಬೇಡಿ, ತಮ್ಮ ಹೆಸರನ್ನು ತಿಳಿಸಿ," ಎಂದಿರಿ. ಅನಂತಲಕ್ಷ್ಮಿ ಎಂದೆ. ದಯವಿಟ್ಟು ಮತ್ತೊಮ್ಮೆ ಹೇಳಿ ಎಂದಿರಿ. ಹೇಳಿದೆ. ಮತ್ತೊಮ್ಮೆ ಎಂದಿರಿ. ನಾನು ನರಳುವುದನ್ನು ನಿಲ್ಲಿಸಿ, ಶಾಲೆಯ ಮಕ್ಕಳಿಗೆ ಉಕ್ತಲೇಖನ ಕೊಡುವಂತೆ ಅನಂತ ಎಂದು ಹೇಳಿ, ಉಸಿರು ತೆಗೆದುಕೊಂಡು ಲಕ್ಷ್ಮಿ ಎಂದೆ. ತಾವು ಕೂಡಲೇ ಪ್ರಸನ್ನರಾಗಿ, ಅನಂತ, ಲಕ್ಷ್ಮಿ ಎಂಬ ಇಬ್ಬರು ಪತ್ತೆಯಾಗಿದ್ದಾರೆಂದು ಗಟ್ಟಿಯಾಗಿ ಸಾರಿ ಡೇರೆಗೆ ವರದಿ ಕಳಿಸಿದಿರಿ.

ತಮ್ಮ ಹಿಂದೆಯೇ ತೆವಳಿ ಬಂದ ಕೊಟ್ರಪ್ಪ ನನ್ನ ಪಕ್ಕ ಕೂತು ಸುತ್ತಲೂ ನೋಡಿದ.

"ಅಕ್ಕಾರ, ಅನಂತ ಅನ್ನೋರು ಎಲ್ಲಿ ಅದಾರ್ರಿ?"

"ಅದು ನಾನೇ ಕಣಪ್ಪ."

"ಮತ್ತ ಲಕ್ಷ್ಮಿ?"

"ಅದೂ ನಾನೇ."

ಅವನು ನಗುತ್ತ ವಾಕಿಟಾಕಿಯಲ್ಲಿ ವಿಷಯ ಹೇಳಿದ. ಡೇರೆಯಿಂದ ತಂಡದ ಮುಖ್ಯಸ್ಥ ಕಾಂತರಾಜು ಅವರ ದನಿ ಬಂತು. "ಇಲ್ಲಿ ಸ್ಕ್ರೀನ್ ಮೇಲೆ ಇಬ್ಬರು ಅಂತಿದೆ ಕೊಟ್ರಪ್ಪ. ಕಂಪನಿಯವರು ಪಕ್ಕದಲ್ಲೇ ಕೂತಿದಾರೆ. ಸುಮ್ನೆ ಒಂದ್ಸಲ ಹುಡುಕಿಬಿಡು." ಹೀಗೆ ತಮ್ಮ ಗೌರವವನ್ನು ಉಳಿಸುವ ಸಲುವಾಗಿ, ಇಲ್ಲದ ಅನಂತನನ್ನು ಹುಡುಕಿಕೊಂಡು ಕೊಟ್ರಪ್ಪ ಮೆಟ್ಟಿಲ ಕಡೆಯ ಹಾದಿಗೆ ಹೋದ. ಆ ಕಡೆಗೆ ಯಾರೂ ಹೋಗಬೇಕಾಗಿಯೇ ಇರಲಿಲ್ಲ. ಅವನು ವಾಪಸು ಬರುತ್ತ ಕೋಣೆಯ ಬಾಗಿಲು ದಾಟುತ್ತಿದ್ದಾಗ ಮೇಲಿನ ಮೆಟ್ಟಿಲ ಸಾಲು ಕಳಚಿ ಬಿತ್ತು.

ಮಾನ್ಯರೇ, ಇಲ್ಲಿಂದ ಮುಂದಿನದು ಅಣಕಾಗಿರಲಿಲ್ಲ.

ಧೂಳು ಇಳಿದ ಮೇಲೆ ನೋಡಿದರೆ ಬಾಗಿಲು ಇದ್ದ ಜಾಗದಲ್ಲಿ ಮೆಟ್ಟಿಲುಗಳ ಕಲ್ಲು ತುಂಬಿಕೊಂಡಿತ್ತು. ಅದರ ಕೆಳಗೆ ಮೊಣಕಾಲಿನಿಂದ ಆಚೆಗೆ ಕೊಟ್ರಪ್ಪನ ಎಡಗಾಲು ಸಿಕ್ಕಿಹಾಕಿಕೊಂಡಿತ್ತು. ವಾಕಿಟಾಕಿ ಅದೇ ಕಲ್ಲಿನ ಕೆಳಗೆ ಸೇರಿತ್ತು. ನಾನು ಹಲಗೆಯನ್ನು ಒದ್ದು ಎದ್ದು ಬಂದೆ. ಹೊರಗೆ ಮೆಟ್ಟಿಲು ಬಿದ್ದ ಸದ್ದನ್ನೂ ನುಂಗುವಂತೆ ಜನರೇಟರ್ ಓಡುತ್ತಿತ್ತು, ನಾನು ಕೂಗಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಕೂಗುವುದರಲ್ಲಿ ನನಗೆ ಎಷ್ಟು ವರ್ಷದ ಅಭ್ಯಾಸವಿದೆಯೆಂದು ತಮಗೆ ಹೇಳಬೇಕಾಗಿಲ್ಲ.

"ಹೆದರಬೇಡ ಕಣಪ್ಪ, ಎದೆ ಮೇಲೆ ಪಟ್ಟಿ ಇದೆಯಲ್ಲ, ಅವರಿಗೆ ಗೊತ್ತಾಗಿರತ್ತೆ, ಈಗ ಬರ್ತಾರೆ," ಎಂದೆ. ಅವನೂ ಹಾಗೆಯೇ ನಂಬಿದ್ದ. ಇಬ್ಬರೂ ಬೆಳಕು ಬರುತ್ತಿದ್ದ ಸಂದಿಯನ್ನು ನೋಡುತ್ತ ಕಾದೆವು. ಯಾರೂ ಬರಲಿಲ್ಲ. ಏಕೆ ಬರಲಿಲ್ಲವೆಂಬುದನ್ನು ಚೈತ್ರ ಆಮೇಲೆ ನನಗೆ ಹೇಳಿದಳು. ಪಟ್ಟಿ ಕೆಟ್ಟಿರಲಿಲ್ಲ. ಕೊಟ್ರಪ್ಪ ಗಟ್ಟಿ ಜೀವ, ಅಂಥ ಹೊತ್ತಿನಲ್ಲೂ ಅವನ ಎದೆಬಡಿತ ಅತಿಯಾಗಿ ಏರಿರಲಿಲ್ಲ. ಕಾಲು ಸಿಕ್ಕಿಹಾಕಿಕೊಂಡವನು ಓಡಾಡುವುದಿಲ್ಲವಾದ್ದರಿಂದ ಚಲನೆಯೂ ಇರಲಿಲ್ಲ. ಈ ಎರಡನ್ನೂ ಕೂಡಿಸಿ ಪರದೆಯ ಮೇಲೆ ಅವನ ಹೆಸರಿನ ಮುಂದೆ ಹಸಿರು ಅಕ್ಷರಗಳಲ್ಲಿ 'ವಿಶ್ರಾಂತಿಯಲ್ಲಿದ್ದಾರೆ' ಎಂದು ಬರುತ್ತಿತ್ತಂತೆ. ರುದ್ರೇಶ ಅವರು ಅದನ್ನು ತೋರಿಸಿ, ಯಂತ್ರ ಜೊತೆಗಿದ್ದರೆ ಸಿಬ್ಬಂದಿಗೆ ಎಷ್ಟು ನೆಮ್ಮದಿ ನೋಡಿ ಎಂದು ಬಂದಿದ್ದ ಅತಿಥಿಗಳಿಗೆ ವಿವರಿಸುತ್ತಿದ್ದರಂತೆ.

ಒಳಗೆ ಆ ನೆಮ್ಮದಿಯ ಮನುಷ್ಯನ ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕಲ್ಲು ಆಗಾಗ ಕರಕರ ಎಂದು ಸ್ವಲ್ಪ ಸ್ವಲ್ಪವೇ ಕೆಳಗೆ ಕೂರುತ್ತಿತ್ತು. ನಾನು ಕೈಗೆ ಸಿಕ್ಕ ಇಟ್ಟಿಗೆಗಳನ್ನೆಲ್ಲ ಅದರ ಅಂಚಿಗೆ ತುರುಕಿದೆ. ಪ್ರತಿ ಅಣಕಿನಲ್ಲೂ ಅವನು ನನಗೆ ಹೇಳುತ್ತಿದ್ದ ಮಾತನ್ನೇ ಅವನಿಗೆ ಹೇಳಿದೆ. "ಕಣ್ಣು ಮುಚ್ಚಬೇಡ, ಮಾತಾಡ್ತಾ ಇರು."

"ಏನ್ ಮಾತಾಡ್ಲಿರಿ?"

"ಏನಾದ್ರೂ."

"ಮಗಳಿಗೆ ಇವತ್ತು ಸಾಲಿಯಾಗ ಮರದ ಪಾರ್ಟು ಐತ್ರಿ. ಏನೂ ಮಾತಿಲ್ಲಂತ, ಸುಮ್ನ ನಿಂದ್ರಬೇಕಂತ. ಮಧ್ಯಾಹ್ನ ಬರ್ತೀನಂತ ಹೇಳೇನಿ." ಆಮೇಲೆ ಕಲ್ಲಿನ ಕಡೆ ಕತ್ತು ತಿರುಗಿಸಿ, "ಕಾಲು ಐತೋ ಇಲ್ಲೋ ಗೊತ್ತಾಗವಲ್ದು ಅಕ್ಕಾರ," ಎಂದ.

ಆಗ ತಾವು, "ದಯವಿಟ್ಟು ಮತ್ತೊಮ್ಮೆ ಹೇಳಿ," ಎಂದಿರಿ.

ತಮ್ಮ ಮುಂದೆ ಮಂಡಿಯೂರಿ, ಇಲ್ಲಿ ಮನುಷ್ಯ ಸಾಯುತ್ತಿದ್ದಾನೆ, ಯಾರನ್ನಾದರೂ ಕರೆಯಿರಿ ಎಂದು ನಾನು ಎಷ್ಟು ಬಗೆಯಲ್ಲಿ ಬೇಡಿಕೊಂಡೆನೆಂಬುದು ತಮ್ಮಲ್ಲಿ ದಾಖಲಾಗಿರಬಹುದು. ತಮ್ಮ ಕ್ಯಾಮೆರಾದ ಧೂಳನ್ನು ಸೆರಗಿನಿಂದ ಒರೆಸಿ, ಕೊಟ್ರಪ್ಪನ ಕಡೆಗೆ ಬೆರಳು ತೋರಿಸಿದೆ. ತಾವು ಅವನನ್ನು ಚೆನ್ನಾಗಿ ನೋಡಿ, ಈತ ನಮ್ಮ ಸಿಬ್ಬಂದಿ, ಗಾಯಾಳುಗಳ ಲೆಕ್ಕಕ್ಕೆ ಬರುವುದಿಲ್ಲವೆಂದು ಘೋಷಿಸಿ, ಅನಂತನನ್ನು ಹುಡುಕಲು ಬೇರೆ ಮೂಲೆಗೆ ಹೊರಟಿರಿ. ಕರ್ತವ್ಯನಿಷ್ಠೆಯೆಂದರೆ ಅದು.

ಆ ಕ್ಷಣದಲ್ಲಿ ಬೆಳಗಿನ ಒಂದು ದೃಶ್ಯ ಕಣ್ಣಿಗೆ ಬಂತು. ಅಂಗಳದಲ್ಲಿ ತಾವು ಒಂದು ಕಲ್ಲಿನ ಮೇಲೆ ಸ್ವಲ್ಪ ವಾಲಿದ್ದಕ್ಕೆ ಡೇರೆಯಲ್ಲಿ ಸೈರನ್ ಹೊಡೆದುಕೊಂಡು, ರುದ್ರೇಶ ಅವರು ಕಾಫಿ ಲೋಟ ಬಿಟ್ಟು ಓಡಿ ಬಂದಿದ್ದರು. ನಾನು ಹಿಂದುಮುಂದು ನೋಡಲಿಲ್ಲ. ಬಾಡಿಗೆ ಮನೆಯ ಮೂರನೆಯ ಮಹಡಿಗೆ ಗ್ಯಾಸ್ ಸಿಲಿಂಡರ್ ಹೊತ್ತ ಮೈ ಇದು. ತಮ್ಮ ಪಕ್ಕೆಗೆ ಕೈ ಕೊಟ್ಟು, ಮನೆದೇವರನ್ನು ನೆನೆದು, ತಮ್ಮನ್ನು ಮಗುಚಿ ಹಾಕಿದೆ. ಗಾಜು ಒಡೆಯಿತು. ತಾವು ಕಾಲು ಮೇಲಾದ ಜಿರಳೆಯಂತೆ ಚಕ್ರಗಳನ್ನು ತಿರುಗಿಸುತ್ತ ಕಿರುಚತೊಡಗಿದಿರಿ.

ಆಹಾ, ಅವರು ಬಂದ ವೇಗವೇನು! ನನ್ನ ಗಂಟಲಿಗೆ ಆಗದ್ದು, ಕೊಟ್ರಪ್ಪನ ಎದೆಬಡಿತಕ್ಕೆ ಆಗದ್ದು ತಮ್ಮ ಬೆನ್ನಿಗೆ ಆಯಿತು. ಡೇರೆಯಲ್ಲಿದ್ದವರೆಲ್ಲ ಎದ್ದುಬಿದ್ದು ಓಡಿ ಬಂದು ಸಂದಿಯ ಆಚೆಗೆ ನಿಂತರು. ಮೊದಲು ಇಣುಕಿದ್ದು ರುದ್ರೇಶ ಅವರ ಮುಖ.

"ಮಷೀನ್‌ಗೆ ಏನೂ ಆಗಿಲ್ಲ ತಾನೇ?"

ಕಲ್ಲಿನ ಕೆಳಗಿಂದ ಕೊಟ್ರಪ್ಪ, "ಅದಕ್ಕೇನೂ ಆಗಿಲ್ರಿ ಸರ, ನಂದು ಸ್ವಲ್ಪ ನೋಡ್ರಿ," ಎಂದ.

ಕಾಂತರಾಜು ಅವರಿಗೆ ವಿಷಯ ತಿಳಿದದ್ದು ಆಗ. ರುದ್ರೇಶ ಅವರನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಇಲ್ಲಿ ಬರೆಯಬಾರದ ಮಾತುಗಳಿದ್ದವು. ತಂಡದವರು ಜಾಕಿ ತಂದು, ಮರದ ದಿಮ್ಮಿ ಕೊಟ್ಟು, ಕಲ್ಲನ್ನು ಎತ್ತುವಾಗ ಯಾರೂ ಯಾವ ಪರದೆಯನ್ನೂ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದರು. ಹೊರಗೆ ತರುವಾಗ ಅವನು ನನ್ನ ಕೈ ಬಿಡಲಿಲ್ಲ. ಅಷ್ಟು ವರ್ಷ ಸ್ಟ್ರೆಚರಿನ ಮೇಲೆ ಮಲಗಿ ಹೋದ ನಾನು ಮೊದಲ ಸಲ ಅದರ ಪಕ್ಕದಲ್ಲಿ ನಡೆದು ಹೋದೆ.

ಕೊಟ್ರಪ್ಪನ ಕಾಲು ಉಳಿಯಿತು. ಮೂಳೆ ಎರಡು ಕಡೆ ಮುರಿದಿತ್ತು, ಈಗ ಕೋಲು ಹಿಡಿದು ನಡೆಯುತ್ತಾನೆ, ಮತ್ತೆ ತಂಡಕ್ಕೆ ಸೇರಬಹುದೆಂದು ಡಾಕ್ಟರು ಹೇಳಿದ್ದಾರೆ. ಮಗಳ ನಾಟಕ ಅವನಿಗೆ ತಪ್ಪಿತು. ಆ ಮಗು ಆಸ್ಪತ್ರೆಗೆ ಹಸಿರು ಕಾಗದದ ಎಲೆಗಳನ್ನು ಕಟ್ಟಿಕೊಂಡು ಬಂದು, ಮಂಚದ ಪಕ್ಕ ತುಟಿ ಎರಡು ಮಾಡದೆ ಇಡೀ ಪಾರ್ಟನ್ನು ನಿಂತು ತೋರಿಸಿತು. ಇಡೀ ವಾರ್ಡು ಚಪ್ಪಾಳೆ ತಟ್ಟಿತು.

ಇನ್ನು ತಮ್ಮ ಕೀರ್ತಿಯ ವಿಷಯ. ಕಂಪನಿಯವರು ಪರೀಕ್ಷಾ ವರದಿಯಲ್ಲಿ, ಯಂತ್ರವು ಸಕಾಲದಲ್ಲಿ ನೀಡಿದ ಎಚ್ಚರಿಕೆಯಿಂದ ಒಬ್ಬ ಸಿಬ್ಬಂದಿಯ ಪ್ರಾಣ ಉಳಿಯಿತೆಂದು ಬರೆದಿದ್ದಾರೆ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲವಾದ್ದರಿಂದ ನಾನು ಆಕ್ಷೇಪಿಸಲಾರೆ. ಆದರೆ ಅದೇ ಎಚ್ಚರಿಕೆಗೆ ನನ್ನಿಂದ ವಿವರಣೆ ಕೇಳುತ್ತಿರುವುದರಿಂದ, ತಮ್ಮ ಕೀರ್ತಿಯಲ್ಲಿ ಪಾಲು ಕೇಳದೆ, ತಮ್ಮಲ್ಲಿ ಕೆಲವು ವಿನಂತಿಗಳನ್ನಷ್ಟೇ ಮಾಡಿಕೊಳ್ಳುತ್ತೇನೆ. ಮುಂದೆ ಮನುಷ್ಯರು ಕಲ್ಲಿನ ಕೆಳಗೆ ಸಿಕ್ಕಾಗ ತಾವು ದಯಮಾಡಿ ಸ್ವಯಂಪ್ರೇರಿತರಾಗಿ ಮಗುಚಿಕೊಳ್ಳಬೇಕು. ಪ್ರತಿಯೊಂದು ಕಟ್ಟಡಕ್ಕೂ ಒಬ್ಬ ದರ್ಜಿಯನ್ನು ತಮ್ಮ ಹಿಂದೆ ಕಳಿಸಲು ಇಲಾಖೆಗೆ ಆಗಲಾರದು. ಇವರೂ ತಮ್ಮಂತೆ ಬೆಲೆಬಾಳುವ ವಸ್ತುವೆಂದು ಹೇಳುವ ಒಂದು ಚೀಟಿಯನ್ನು ತಂಡದ ಪ್ರತಿಯೊಬ್ಬರ ಬೆನ್ನಿಗೂ ಅಂಟಿಸಲು ತಾವೇ ಶಿಫಾರಸು ಮಾಡಬೇಕು. ಸಾಧ್ಯವಾದರೆ ಜೊತೆಗಾರನ ಹುದ್ದೆಗೆ ರಾಜೀನಾಮೆ ಕೊಟ್ಟು, ಆ ಜಾಗಕ್ಕೆ ಎರಡು ಕಾಲಿನ ಒಬ್ಬರನ್ನು ಬರಗೊಡಬೇಕು. ತಾವು ಅವರಿಬ್ಬರ ಮುಂದೆ ದೀಪ ಹಿಡಿದು ಹೋದರೆ ನಮಗೆಲ್ಲ ಬಹಳ ಸಂತೋಷ. ದೀಪ ನಿಜಕ್ಕೂ ಚೆನ್ನಾಗಿದೆ.

ತಮ್ಮ ಪಕ್ಕೆ ನೋವು ಬೇಗ ಗುಣವಾಗಲೆಂದು ಹಾರೈಸುತ್ತ, ಕರೆದರೆ ಮತ್ತೆ ಬಂದು ತಮ್ಮ ಮುಂದೆ ಬಿದ್ದುಕೊಳ್ಳಲು ಸದಾ ಸಿದ್ಧಳಿರುವ,

ತಮ್ಮ ವಿಶ್ವಾಸಿ,
ಅನಂತಲಕ್ಷ್ಮಿ
ಬಾಪೂಜಿ ನಗರ

ಮರೆತ ಮಾತು: ತಮ್ಮ ಕಂಪನಿಯವರೇ ಒಬ್ಬರು ರವಿಕೆ ಹೊಲಿಸಲು ಬಂದಾಗ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು, ಹೆಸರು ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. "ಆಂಟಿ, ಇನ್ಮೇಲೆ ಪಟ್ಟಿ ಕಟ್ಟಿದವರು ಅಲ್ಲಾಡ್ದೆ ಬಿದ್ದಿದ್ರೆ ಸ್ಕ್ರೀನ್ ಮೇಲೆ ವಿಶ್ರಾಂತಿ ಅಂತ ಬರಲ್ಲ. 'ಮಷೀನ್ ಬಿದ್ದಿದೆ' ಅಂತ ಬರೋ ಹಾಗೆ ಮಾಡಿದೀನಿ. ಹಾಗಾದ್ರೆ ನಮ್ಮ ಸಾರ್ ಖಂಡಿತ ಓಡಿ ಬರ್ತಾರೆ."